ಮೂಲ ಪ್ರಮಾಣಪತ್ರ: ಏಜೆನ್ಸಿಯಿಂದ ಪಡೆಯುವುದಾ, ನಾವೇ ಬರೆದುಕೊಡುವುದಾ, ಬಿಟ್ಟೇಬಿಡುವುದಾ?

ಪೀಣ್ಯದಲ್ಲಿ ಹದಿನೇಳು ವರ್ಷದಿಂದ ಸಣ್ಣ ಘಟಕಗಳ ರಫ್ತು ಕಾಗದ ನೋಡಿಕೊಳ್ಳುತ್ತಿದ್ದೇನೆ. ವಾರಕ್ಕೆ ಒಂದಾದರೂ ಇಂಥ ಫೋನ್ ಬರುತ್ತದೆ: ಬಯರ್ ಸಿಒಒ ಕೇಳುತ್ತಿದ್ದಾರೆ, ಜೊತೆಗೆ ಕೆಲಸಗಾರರ ಬಗ್ಗೆ ಎಂಟು ಪುಟದ ಪ್ರಶ್ನೆಪತ್ರ ಬೇರೆ ಕಳಿಸಿದ್ದಾರೆ, ಏನು ಮಾಡೋಣ? ಸಿಒಒ ಅಂದರೆ ಸರಕು ಯಾವ ದೇಶದಲ್ಲಿ ತಯಾರಾಯಿತು ಅಂತ ಹೇಳುವ ಮೂಲ ಪ್ರಮಾಣಪತ್ರ. ವ್ಯಾಪಾರ ಒಪ್ಪಂದದ ರಿಯಾಯಿತಿ ಸುಂಕ ಬೇಕು ಅಂದರೆ ಅದು ಬೇಕೇ ಬೇಕು.

ಹೆಚ್ಚಿನವರು ಇವೆರಡನ್ನೂ ಬೇರೆ ಬೇರೆ ಕೆಲಸ ಅಂದುಕೊಳ್ಳುತ್ತಾರೆ. ಸಿಒಒ ಕೆಲಸ ಕಸ್ಟಮ್ಸ್ ಏಜೆಂಟ್‌ಗೆ ಹೋಗುತ್ತದೆ, ಲೇಬರ್ ಪ್ರಶ್ನೆಪತ್ರ ಪಿಎಫ್ ಕನ್ಸಲ್ಟೆಂಟ್‌ಗೆ ಹೋಗುತ್ತದೆ. ಅವರಿಬ್ಬರೂ ಒಮ್ಮೆಯೂ ಮಾತಾಡಿರುವುದಿಲ್ಲ. ಒಬ್ಬರು ಬರೆದ ಲೆಕ್ಕ ಇನ್ನೊಬ್ಬರದಕ್ಕೆ ತಾಳೆ ಆಗದೇ ಇದ್ದಾಗ ಕೇಳುವವರು ಬರುತ್ತಾರೆ, ಉತ್ತರ ಕೊಡಬೇಕಾದವರು ಮಾತ್ರ ಮಾಲೀಕರು.

ನಿಮ್ಮ ಮುಂದೆ ಇರುವುದು ಮೂರು ದಾರಿ. ರಿಯಾಯಿತಿಯನ್ನೇ ಕೇಳದೆ ಸರಕು ಕಳಿಸುವುದು, ಸರ್ಕಾರ ಒಪ್ಪಿದ ಏಜೆನ್ಸಿಯಿಂದ ಪ್ರಮಾಣಪತ್ರ ಪಡೆಯುವುದು, ಒಪ್ಪಂದ ಅವಕಾಶ ಕೊಟ್ಟರೆ ನೀವೇ ಘೋಷಣೆ ಬರೆದುಕೊಡುವುದು. ಯಾವುದು ಸರಿ ಅನ್ನುವುದು ಒಪ್ಪಂದಕ್ಕಿಂತ ಜಾಸ್ತಿ ನಿಮ್ಮ ಷೆಡ್‌ನೊಳಗಿನ ಪುಸ್ತಕಗಳ ಮೇಲೆ ನಿಂತಿದೆ.

ಮೊದಲು ಸುಂಕ ಇದೆಯಾ ನೋಡಿ

ಇದು ಐದು ನಿಮಿಷದ ಕೆಲಸ. ಆದರೂ ಎಷ್ಟೋ ಜನ ಮಾಡುವುದಿಲ್ಲ. ನಿಮ್ಮ ಸರಕಿಗೆ ಆ ದೇಶದಲ್ಲಿ ಎಲ್ಲರಿಗೂ ಅನ್ವಯಿಸುವ ಸಾಮಾನ್ಯ ಸುಂಕ ಎಷ್ಟು ಅಂತ ಬಯರ್‌ನ ಕೇಳಿ. ಸೊನ್ನೆ ಅಂದರೆ ರಿಯಾಯಿತಿ ಪ್ರಮಾಣಪತ್ರದಿಂದ ಒಂದು ರೂಪಾಯಿಯೂ ಉಳಿಯುವುದಿಲ್ಲ.

ಸ್ವಿಟ್ಜರ್ಲೆಂಡ್ ತೆಗೆದುಕೊಳ್ಳಿ. ಇಎಫ್‌ಟಿಎ ದೇಶಗಳ (ಸ್ವಿಟ್ಜರ್ಲೆಂಡ್, ನಾರ್ವೆ, ಐಸ್‌ಲ್ಯಾಂಡ್, ಲಿಕ್ಟೆನ್‌ಸ್ಟೈನ್) ಜೊತೆಗಿನ ಒಪ್ಪಂದ 2025ರ ಅಕ್ಟೋಬರ್ 1ರಿಂದ ಜಾರಿಗೆ ಬಂತು ಅಂತ ಎಲ್ಲರೂ ಖುಷಿಯಾದರು, ನನಗೂ ಖುಷಿಯೇ. ಆದರೆ ಸ್ವಿಟ್ಜರ್ಲೆಂಡ್ 2024ರ ಜನವರಿ 1ರಿಂದಲೇ ಕೈಗಾರಿಕಾ ಸರಕಿನ ಆಮದು ಸುಂಕವನ್ನು ತೆಗೆದುಹಾಕಿದೆ, ಯಾವ ದೇಶದಿಂದ ಬಂದರೂ ಸರಿ. ಅಂದಮೇಲೆ ಜ್ಯೂರಿಕ್‌ಗೆ ಲೇತ್‌ನಲ್ಲಿ ಕಡೆದ ಬಿಡಿಭಾಗ ಕಳಿಸುವವರು ಸುಂಕದ ಆಸೆಗಾಗಿ ಈ ಕಾಗದದ ಹಿಂದೆ ಓಡಬೇಕಾಗಿಲ್ಲ. ಅದೇ ಒಪ್ಪಂದದ ನಾರ್ವೆಗೆ ಬಟ್ಟೆ ಕಳಿಸುವ ಬೊಮ್ಮನಹಳ್ಳಿಯವರ ಕತೆ ಬೇರೆ. ಅಲ್ಲಿ ಉಡುಪಿನ ಕೆಲವು ಬಗೆಗೆ ಸುಂಕ ಇದೆ, ಅವರಿಗೆ ಕಾಗದ ಕೆಲಸಕ್ಕೆ ಬರುತ್ತದೆ. ಸಿಂಗಪುರದಲ್ಲೂ ಹೆಚ್ಚುಕಡಿಮೆ ಎಲ್ಲದಕ್ಕೂ ಸುಂಕ ಇಲ್ಲ. ಯುಎಇಯಲ್ಲಿ ಸಾಮಾನ್ಯ ಸುಂಕ 5%. ಎಂಟು ಲಕ್ಷದ ಸರಕಿಗೆ ನಲವತ್ತು ಸಾವಿರ ಬಯರ್‌ಗೆ ಉಳಿಯುತ್ತದೆ, ವರ್ಷಕ್ಕೆ ಹತ್ತು ಸಲ ಕಳಿಸುವವರಿಗೆ ಅದು ಸಣ್ಣ ದುಡ್ಡಲ್ಲ.

ರಿಯಾಯಿತಿ ಬೇಡ, ಆದರೂ ಬ್ಯಾಂಕ್ ಅಥವಾ ಬಯರ್ ಮೂಲದ ಕಾಗದ ಕೇಳುತ್ತಾರೆ ಅಂದರೆ ಸುಂಕಕ್ಕೆ ಸಂಬಂಧವಿಲ್ಲದ ಮಾಮೂಲಿ ಪ್ರಮಾಣಪತ್ರ ಸಾಕು. ಕೆಂಪೇಗೌಡ ರಸ್ತೆಯ ವಾಣಿಜ್ಯ ಮಹಾಸಂಸ್ಥೆ ಎಫ್‌ಕೆಸಿಸಿಐ ಅಂಥದ್ದನ್ನು ಕೊಡುತ್ತದೆ.

ಒಂದು ಮಾತು. ರಿಯಾಯಿತಿ ಕೇಳಲಿಲ್ಲ ಅಂದಮಾತ್ರಕ್ಕೆ ಲೇಬರ್ ಪ್ರಶ್ನೆಪತ್ರ ತಪ್ಪುವುದಿಲ್ಲ. ಅದರ ಬೇರು ಬೇರೆ ಕಡೆ ಇದೆ. ಬ್ರಿಟನ್‌ನ ಬಯರ್ ಕೇಳುವುದು ಅಲ್ಲಿನ 2015ರ ಆಧುನಿಕ ಗುಲಾಮಗಿರಿ ಕಾಯ್ದೆಯಿಂದಾಗಿ. 3.6 ಕೋಟಿ ಪೌಂಡ್ ಅಥವಾ ಅದಕ್ಕಿಂತ ಜಾಸ್ತಿ ವಹಿವಾಟು ಇರುವ ಕಂಪನಿ, ತನ್ನ ಪೂರೈಕೆದಾರರಲ್ಲಿ ಬಲವಂತದ ದುಡಿಮೆ ಇಲ್ಲದಂತೆ ಏನು ಮಾಡಿದ್ದೇನೆ ಅಂತ ಪ್ರತಿ ವರ್ಷ ಬರೆದು ಪ್ರಕಟಿಸಬೇಕು. ಅಮೆರಿಕದ ಬಟ್ಟೆ ಬಯರ್ ಹತ್ತಿ ಎಲ್ಲಿಂದ ಬಂತು ಅಂತ ಕೇಳುವುದು 2022ರ ಜೂನ್ 21ರಿಂದ ಜಾರಿಯಾದ ಉಯಿಘರ್ ಕಾಯ್ದೆಯಿಂದಾಗಿ. ಉಯಿಘರ್ ಜನರಿರುವ ಚೀನಾದ ಷಿನ್‌ಜಿಯಾಂಗ್ ಪ್ರಾಂತ್ಯದ ಹತ್ತಿ ಇದ್ದರೆ ಅದು ಬಲವಂತದ ದುಡಿಮೆಯ ಸರಕು ಅಂತಲೇ ಅಲ್ಲಿನ ಕಸ್ಟಮ್ಸ್ ಮೊದಲು ತಿಳಿಯುತ್ತದೆ. ಅಲ್ಲ ಅಂತ ತೋರಿಸುವ ಹೊಣೆ ಆಮದುದಾರನದು. ಅವನು ಅದನ್ನು ನಿಮ್ಮ ಮೇಲೆ ಹಾಕುತ್ತಾನೆ. ನೂಲಿನ ಬಿಲ್ಲಿನಿಂದ ಹಿಡಿದು ಜಿನ್ನಿಂಗ್ ಮಿಲ್‌ವರೆಗೆ ಕಾಗದದ ಸರಪಳಿ ಕೇಳುತ್ತಾನೆ.

ಯಾವ ಒಪ್ಪಂದ? ಒಂದೇ ದೇಶಕ್ಕೆ ಎರಡು ಮೂರು ಬಾಗಿಲು

ಸುಂಕ ಇದೆ, ಉಳಿಸಬೇಕು ಅಂತ ತೀರ್ಮಾನವಾಯಿತು ಅಂದುಕೊಳ್ಳಿ. ಈಗ ಬರುವ ಪ್ರಶ್ನೆಯನ್ನು ಏಜೆಂಟ್‌ಗಳು ಸಾಮಾನ್ಯವಾಗಿ ಹೇಳುವುದೇ ಇಲ್ಲ. ಶ್ರೀಲಂಕಾಗೆ ಕಳಿಸುವವರಿಗೆ 2000ದಲ್ಲಿ ಜಾರಿಯಾದ ಭಾರತ-ಶ್ರೀಲಂಕಾ ಒಪ್ಪಂದ ಇದೆ, ದಕ್ಷಿಣ ಏಷ್ಯಾ ದೇಶಗಳ ಸಾಫ್ಟಾ ಇದೆ, ಏಷ್ಯಾ-ಪೆಸಿಫಿಕ್ ದೇಶಗಳ ಆಪ್ಟಾನೂ ಇದೆ. ಕೊರಿಯಾಗೆ ಸೆಪಾ ಅನ್ನುವ ದ್ವಿಪಕ್ಷೀಯ ಒಪ್ಪಂದ ಮತ್ತು ಆಪ್ಟಾ. ಮಲೇಷ್ಯಾಗೆ ಆಗ್ನೇಯ ಏಷ್ಯಾ ದೇಶಗಳ ಗುಂಪಾದ ಆಸಿಯಾನ್ ಜೊತೆಗಿನ ಒಪ್ಪಂದ, ಅದರ ಮೇಲೆ ಬೇರೆಯದೇ ದ್ವಿಪಕ್ಷೀಯ ಒಪ್ಪಂದ. ಸುಂಕ ಎಲ್ಲಿ ಕಡಿಮೆ ಅಂತ ಮಾತ್ರ ನೋಡಬೇಡಿ. ಸರಕು ನಮ್ಮ ದೇಶದ್ದು ಅನ್ನಿಸಿಕೊಳ್ಳಲು ಇರುವ ಷರತ್ತಿಗೆ ಮೂಲ ನಿಯಮ ಅನ್ನುತ್ತಾರೆ; ನಿಮ್ಮ ಸರಕು ಯಾವ ಒಪ್ಪಂದದ ಮೂಲ ನಿಯಮ ದಾಟುತ್ತದೆ ಅಂತ ನೋಡಿ.

ಒಂದು ವಾಲ್ವ್‌ನ ಉದಾಹರಣೆ ಕೊಡುತ್ತೇನೆ. ಕಸ್ಟಮ್ಸ್ ಸರಕನ್ನು ಗುರುತಿಸುವ ಎಚ್‌ಎಸ್ ಕೋಡ್‌ನಲ್ಲಿ ವಾಲ್ವ್‌ಗೆ 8481.80, ವಾಲ್ವ್‌ನ ಬಿಡಿಭಾಗಕ್ಕೆ 8481.90. ನೀವು ಚೀನಾದಿಂದ ಬಿಡಿಭಾಗ ತಂದು ಪೀಣ್ಯದಲ್ಲಿ ಮೆಷಿನಿಂಗ್ ಮಾಡಿ, ಜೋಡಿಸಿ, ಒತ್ತಡದ ಪರೀಕ್ಷೆ ಮಾಡಿ ಕಳಿಸುತ್ತೀರಿ. ಆಸಿಯಾನ್ ಒಪ್ಪಂದದ ಸಾಮಾನ್ಯ ನಿಯಮ ಏನಂದರೆ, ಆರು ಅಂಕಿಯ ಕೋಡ್ ಬದಲಾಗಬೇಕು, ಜೊತೆಗೆ ಎಫ್‌ಒಬಿ ಬೆಲೆಯಲ್ಲಿ (ಸರಕು ಹಡಗು ಹತ್ತುವವರೆಗಿನ ಬೆಲೆ) ಕನಿಷ್ಠ 35% ಇಲ್ಲಿಯದಾಗಿರಬೇಕು. 8481.90 ಹೋಗಿ 8481.80 ಆಯಿತಲ್ವಾ, ಕೋಡ್ ಬದಲಾಯಿತು. 35% ಇದ್ದರೆ ಪಾಸು. ಸಾಫ್ಟಾದ ಸಾಮಾನ್ಯ ನಿಯಮದಲ್ಲಿ ಮೊದಲ ನಾಲ್ಕು ಅಂಕಿಯೇ ಬದಲಾಗಬೇಕು. 8481 ಇದ್ದದ್ದು 8481 ಆಗಿಯೇ ಉಳಿಯಿತು. ಬೆಲೆ ಎಷ್ಟೇ ಸೇರಿಸಿರಿ, ಫೇಲು. ಕೆಲಸಗಾರರೂ ಅವರೇ, ಲೇತ್ ಅದೇ, ವಾಲ್ವ್ ಅದೇ. ಒಂದು ಬಾಗಿಲು ತೆರೆದಿದೆ, ಇನ್ನೊಂದು ಮುಚ್ಚಿದೆ. ಕೆಲವು ಸರಕಿಗೆ ಪ್ರತ್ಯೇಕ ನಿಯಮದ ಪಟ್ಟಿಯೂ ಇರುತ್ತದೆ, ನಿಮ್ಮ ಕೋಡ್ ಅದರಲ್ಲಿದ್ದರೆ ಸಾಮಾನ್ಯ ನಿಯಮ ಬಿಟ್ಟು ಅದನ್ನೇ ಹಿಡಿಯಬೇಕು. ಆಪ್ಟಾದಲ್ಲಿ ಹೊರಗಿನ ವಸ್ತು ಎಫ್‌ಒಬಿಯ 55% ಮೀರಬಾರದು.

ಇನ್ನು ಬರೀ ತೊಳೆದು, ವಿಂಗಡಿಸಿ, ಹೊಸ ಡಬ್ಬಕ್ಕೆ ಹಾಕಿ ಲೇಬಲ್ ಅಂಟಿಸಿದರೆ ಯಾವ ಒಪ್ಪಂದದಲ್ಲೂ ಅದು ನಮ್ಮ ಸರಕು ಆಗುವುದಿಲ್ಲ. ಇದನ್ನು ಹೇಳಲು ನನಗೆ ಬೇಸರವಾಗುತ್ತದೆ, ಆದರೆ ಈಗಲೂ ಕೇಳುವವರಿದ್ದಾರೆ.

ಏಜೆನ್ಸಿ ದಾರಿ

ಆಸಿಯಾನ್, ಸಾಫ್ಟಾ, ಆಪ್ಟಾ ಇವಕ್ಕೆಲ್ಲ ಏಜೆನ್ಸಿಯ ಪ್ರಮಾಣಪತ್ರವೇ ಬೇಕು. ಕೇಂದ್ರದ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ, ಅಂದರೆ ಡಿಜಿಎಫ್‌ಟಿಯ ಆನ್‌ಲೈನ್ ವೇದಿಕೆಯಲ್ಲಿ ಅರ್ಜಿ ಹಾಕಬೇಕು. ಆಮದು-ರಫ್ತಿಗೆ ಬೇಕಾದ ಐಇಸಿ ಸಂಖ್ಯೆ ಮತ್ತು ಡಿಜಿಟಲ್ ಸಹಿ ಅಥವಾ ಆಧಾರ್ ಇ-ಸಹಿ ಇರಬೇಕು. ಡಿಜಿಎಫ್‌ಟಿ, ರಫ್ತು ತಪಾಸಣಾ ಏಜೆನ್ಸಿ, ಜವಳಿ ಸಮಿತಿ ಹೀಗೆ ಸರಕಿಗೆ ತಕ್ಕಂತೆ ಕೊಡುವವರು ಬೇರೆ. ಮೊದಲಿನ ಹಾಗೆ ಪ್ರತಿಸಲ ಕೋರಮಂಗಲದ ಕೇಂದ್ರೀಯ ಸದನದ ಡಿಜಿಎಫ್‌ಟಿ ಕಚೇರಿಗೆ ಓಡುವ ಪಾಡಿಲ್ಲ.

ಈ ದಾರಿಯ ದೊಡ್ಡ ಅನುಕೂಲ ಅಂದರೆ ಇನ್ನೊಂದು ಜೊತೆ ಕಣ್ಣು ನಿಮ್ಮ ಲೆಕ್ಕ ನೋಡುತ್ತದೆ. ಹೊಸಬರಿಗೆ ನಾನು ಇದನ್ನೇ ಹೇಳುವುದು. ಕೋಡ್ ತಪ್ಪಿದರೆ, ವೆಚ್ಚದ ಹಾಳೆ ಕೂಡದಿದ್ದರೆ ಅಲ್ಲೇ ವಾಪಸ್ ಬರುತ್ತದೆ. ಸರಕು ಜಕಾರ್ತದ ಬಂದರಿನಲ್ಲಿ ನಿಂತ ಮೇಲೆ ತಪ್ಪು ಗೊತ್ತಾಗುವುದಕ್ಕಿಂತ ಇದು ಎಷ್ಟೋ ವಾಸಿ.

ಆದರೆ ಪ್ರಮಾಣಪತ್ರ ಬಂತು ಅಂದಮಾತ್ರಕ್ಕೆ ಹೊಣೆ ಏಜೆನ್ಸಿಗೆ ಹೋಗಲಿಲ್ಲ. ಆಮದು ದೇಶದ ಕಸ್ಟಮ್ಸ್‌ಗೆ ಅನುಮಾನ ಬಂದರೆ ಆಮೇಲೂ ಪರಿಶೀಲನೆ ಕೇಳಬಹುದು, ಆಗ ಏಜೆನ್ಸಿ ನಿಮ್ಮ ಬಾಗಿಲಿಗೇ ಬರುತ್ತದೆ. ನಾನು ನೋಡಿಕೊಂಡ ಒಂದು ಘಟಕದಲ್ಲಿ ಇದು ನಡೆಯಿತು. ವೆಚ್ಚದ ಹಾಳೆಯಲ್ಲಿ ಉಕ್ಕನ್ನು ಭಾರತದ್ದು ಅಂತ ಬರೆದಿದ್ದೆವು. ತಂದದ್ದು ಎಸ್‌ಪಿ ರೋಡ್ ಕಡೆಯ ಒಬ್ಬ ವ್ಯಾಪಾರಿಯಿಂದ, ಜಿಎಸ್‌ಟಿ ಬಿಲ್ ಸರಿಯಾಗಿತ್ತು. ಆದರೆ ಉಕ್ಕು ಯಾವ ಕಾರ್ಖಾನೆಯಲ್ಲಿ ತಯಾರಾಯಿತು ಅಂತ ಹೇಳುವ ಮಿಲ್ ಸರ್ಟಿಫಿಕೇಟ್ ಇರಲಿಲ್ಲ. ಬೆಂಗಳೂರಿನಲ್ಲಿ ಕೊಂಡದ್ದು ಅಂದರೆ ಭಾರತದ್ದು ಅಂತ ನಾನೇ ನಂಬಿಬಿಟ್ಟಿದ್ದೆ. ನಿಯಮ ಹಾಗಲ್ಲ. ಮೂಲ ಗೊತ್ತಿಲ್ಲದ ವಸ್ತು ಹೊರಗಿನದು ಅಂತಲೇ ಲೆಕ್ಕ.

ಲೆಕ್ಕ ಹೇಗೆ ತಿರುಗಿಬಿಡುತ್ತದೆ ನೋಡಿ. ಎಫ್‌ಒಬಿ 1,000 ರೂಪಾಯಿ ಅಂದುಕೊಳ್ಳಿ. ಆಮದಾದ ಭಾಗ 380. ಕಾಗದವಿಲ್ಲದ ಉಕ್ಕು 290. ಎರಡೂ ಸೇರಿ 670, ಅಂದರೆ ಹೊರಗಿನದು 67%. ಆಸಿಯಾನ್‌ನಲ್ಲಿ 65% ದಾಟಬಾರದು, ಹಾಗಾಗಿ ಫೇಲು. ಅದೇ ಉಕ್ಕಿಗೆ ಭಾರತದ ಮಿಲ್‌ನ ಸರ್ಟಿಫಿಕೇಟ್ ಇದ್ದಿದ್ದರೆ ಹೊರಗಿನದು 38% ಮಾತ್ರ. ಒಂದು ಹಾಳೆ ಇಡೀ ಕಂಟೇನರ್‌ನ ಹಣೆಬರಹ ಬದಲಾಯಿಸುತ್ತದೆ. ಬಯರ್ ಉಳಿದ ಸುಂಕ ಕಟ್ಟಿದ, ನಮ್ಮ ಮುಂದಿನ ಬಿಲ್ಲಿನಿಂದ ಮುರಿದುಕೊಂಡ. ಅಂದಿನಿಂದ ಮಿಲ್ ಸರ್ಟಿಫಿಕೇಟ್ ಇಲ್ಲದ ಉಕ್ಕನ್ನು ರಫ್ತಿನ ಜಾಬ್‌ಗೆ ಮುಟ್ಟಿಸುವುದಿಲ್ಲ.

ನೀವೇ ಘೋಷಣೆ ಬರೆಯುವ ದಾರಿ

ಇಎಫ್‌ಟಿಎ ಒಪ್ಪಂದದಲ್ಲಿ ರಫ್ತುದಾರ ತಾನೇ ಮೂಲ ಘೋಷಣೆ ಕೊಡಬಹುದು. 2025ರ ಜುಲೈ 24ರಂದು ಸಹಿಯಾದ ಬ್ರಿಟನ್ ಒಪ್ಪಂದದಲ್ಲೂ ಅದಕ್ಕೆ ಅವಕಾಶ ಇದೆ. ನಮ್ಮ ಕಸ್ಟಮ್ಸ್ ಕಾನೂನೂ ಅದೇ ದಿಕ್ಕಿಗೆ ತಿರುಗಿದೆ. 2025ರಲ್ಲಿ ಮೂಲದ 'ಪ್ರಮಾಣಪತ್ರ' ಅನ್ನುವ ಜಾಗದಲ್ಲಿ ಮೂಲದ 'ಪುರಾವೆ' ಅಂತ ಪದ ಬದಲಾಯಿತು. ಸಹಿಯಾದ ದಿನವೂ ಜಾರಿಯಾದ ದಿನವೂ ಒಂದೇ ಅಲ್ಲ ಅನ್ನುವುದು ನೆನಪಿರಲಿ. ಇಎಫ್‌ಟಿಎ ಒಪ್ಪಂದಕ್ಕೆ ಸಹಿ ಬಿದ್ದದ್ದು 2024ರ ಮಾರ್ಚ್ 10ರಂದು, ಜಾರಿಯಾಗಲು ಒಂದೂವರೆ ವರ್ಷವೇ ಹಿಡಿಯಿತು. ಸರಕು ಹೊರಡುವ ದಿನ ಒಪ್ಪಂದ ಜಾರಿಯಲ್ಲಿದೆಯಾ ಅಂತ ನೋಡದೆ ಘೋಷಣೆ ಬರೆಯಬೇಡಿ.

ಸ್ವಂತ ಘೋಷಣೆ ಬೇಗ ಆಗುತ್ತದೆ, ಖರ್ಚು ಕಡಿಮೆ. ಶನಿವಾರ ಸಂಜೆ ವಿಮಾನದ ಕಾರ್ಗೋ ಹೊರಡಬೇಕಾದರೆ ಇದಕ್ಕಿಂತ ಸುಲಭ ಬೇರೆ ಇಲ್ಲ. ಆದರೆ ನನಗೆ ಭಯ ಇರುವುದೂ ಇಲ್ಲೇ. ತಡೆಯುವವರು ಯಾರೂ ಇಲ್ಲ. ನಿಮ್ಮ ಅಕೌಂಟ್ಸ್ ಹುಡುಗ ಹಳೆಯ ಘೋಷಣೆಯ ಫೈಲ್ ತೆಗೆದು ತಾರೀಖು ಬದಲಾಯಿಸಿ ಕಳಿಸುತ್ತಾನೆ, ಅಷ್ಟರಲ್ಲಿ ನೀವು ಬಿಡಿಭಾಗದ ಪೂರೈಕೆದಾರನನ್ನು ಬದಲಾಯಿಸಿರುತ್ತೀರಿ, ಹೊಸಬ ಕೊಟ್ಟದ್ದು ಎಲ್ಲಿಯದು ಅಂತ ಯಾರೂ ಕೇಳಿರುವುದಿಲ್ಲ, ಎರಡು ವರ್ಷ ಹೀಗೇ ನಡೆದು ಒಂದು ದಿನ ಪರಿಶೀಲನೆ ಬಂದರೆ ಅಷ್ಟೂ ಸಾಗಣೆಗಳು ಒಟ್ಟಿಗೆ ಪ್ರಶ್ನೆಗೆ ಬರುತ್ತವೆ. ಏಜೆನ್ಸಿ ದಾರಿಯಲ್ಲಿ ಒಂದು ವರ್ಷವಾದರೂ ಒಂದೂ ಅರ್ಜಿ ವಾಪಸ್ ಬರದೆ ನಡೆಸಿದವರು ಇದಕ್ಕೆ ಬನ್ನಿ. ಅದಕ್ಕೂ ಮೊದಲು ಬೇಡ ಅನ್ನುವುದು ನನ್ನ ಸಲಹೆ.

ತರಿಸುವವರಿಗೂ ಇದೇ ಬಿಸಿ ತಟ್ಟುತ್ತದೆ. ಥಾಯ್ಲೆಂಡ್‌ನಿಂದಲೋ ವಿಯೆಟ್ನಾಂನಿಂದಲೋ ಕಡಿಮೆ ಸುಂಕದಲ್ಲಿ ಬಿಡಿಭಾಗ ತರಿಸುತ್ತಿದ್ದರೆ ರಿಯಾಯಿತಿ ಸುಂಕದ ಆಮದಿಗೆ ನಮ್ಮ ಕಸ್ಟಮ್ಸ್ ಮಾಡಿದ ನಿಯಮ, ಕಾರೋಟಾರ್ 2020, ನಿಮಗೆ ಅನ್ವಯಿಸುತ್ತದೆ. 2020ರ ಸೆಪ್ಟೆಂಬರ್ 21ರಿಂದ ಜಾರಿಯಲ್ಲಿದೆ. ಪೂರೈಕೆದಾರ ಪ್ರಮಾಣಪತ್ರ ಕಳಿಸಿದರೆ ಸಾಲದು, ಸರಕು ಹೇಗೆ ಆ ದೇಶದ್ದಾಯಿತು ಅನ್ನುವ ವಿವರ ಫಾರ್ಮ್ ಒಂದರಲ್ಲಿ ನಿಮ್ಮ ಹತ್ತಿರವೇ ಇರಬೇಕು. ಅಧಿಕಾರಿ ಕೇಳಿದರೆ ಹತ್ತು ಕೆಲಸದ ದಿನದೊಳಗೆ ಕೊಡಬೇಕು. ಐದು ವರ್ಷ ಕಾಪಾಡಬೇಕು. ಆರ್ಡರ್ ಕೊಡುವಾಗಲೇ ಈ ವಿವರ ಕೇಳಿ. ಸರಕು ವೈಟ್‌ಫೀಲ್ಡ್ ಕಂಟೇನರ್ ಡಿಪೋಗೆ ಬಂದ ಮೇಲೆ ಕೇಳಿದರೆ ಅವರು ಉತ್ತರ ಕೊಡುವ ಹೊತ್ತಿಗೆ ಗಡುವು ಮುಗಿದಿರುತ್ತದೆ.

ಹಾಜರಿ ಪುಸ್ತಕವೂ ಕಸ್ಟಮ್ಸ್ ಕಾಗದವೇ

ಈ ಬರಹ ಬರೆಯಲು ಕಾರಣವೇ ಈ ಭಾಗ.

ಒಂದು ಷೆಡ್‌ನಲ್ಲಿ ಹನ್ನೆರಡು ಜನ ಇದ್ದಾರೆ. ದಿನಕ್ಕೆ ಎಂಟು ಗಂಟೆ, ತಿಂಗಳಿಗೆ 26 ದಿನ. ಒಟ್ಟು 2,496 ಗಂಟೆ. ಒಂದು ಪೀಸಿಗೆ ಹದಿನೈದು ನಿಮಿಷ ಬೇಕು ಅಂತ ವೆಚ್ಚದ ಹಾಳೆಯಲ್ಲಿ ನೀವೇ ಬರೆದಿದ್ದೀರಿ. ಅಂದರೆ ಹೆಚ್ಚೆಂದರೆ 9,984 ಪೀಸ್. ಆದರೆ ರಫ್ತಿಗಾಗಿ ಕಸ್ಟಮ್ಸ್‌ಗೆ ಕೊಟ್ಟ ಶಿಪ್ಪಿಂಗ್ ಬಿಲ್‌ನಲ್ಲಿ ಆ ತಿಂಗಳು 12,000 ಪೀಸ್ ಹೋಗಿದೆ. ಅದಕ್ಕೆ ಮೂರು ಸಾವಿರ ಗಂಟೆ ಬೇಕು. ಉಳಿದ 504 ಗಂಟೆ ಎಲ್ಲಿಂದ ಬಂತು?

ನಿಮಗೂ ಗೊತ್ತು, ನನಗೂ ಗೊತ್ತು. ಒಬ್ಬೊಬ್ಬರೂ 42 ಗಂಟೆ ಓಟಿ ಮಾಡಿದ್ದಾರೆ. ಅದನ್ನು ಪುಸ್ತಕಕ್ಕೆ ಹಾಕದೆ ಶನಿವಾರ ಕವರ್‌ನಲ್ಲಿ ಕೈಗೆ ಕೊಟ್ಟಿದ್ದೀರಿ. ಪರಿಶೀಲನೆಗೆ ಬಂದವರಿಗೆ ಆ ಕವರ್ ಕಾಣುವುದಿಲ್ಲ. ಇಷ್ಟು ಜನ ಇಷ್ಟು ಗಂಟೆಯಲ್ಲಿ ಇಷ್ಟು ಮಾಡಲು ಆಗದು, ಎರಡು ಸಾವಿರ ಪೀಸ್ ಹೊರದೇಶದಿಂದ ತಯಾರಾಗಿಯೇ ಬಂದಿರಬೇಕು ಅನ್ನುವ ಅನುಮಾನ ಅವರಿಗೆ ಬರುತ್ತದೆ. ನಿಜವಾಗಿ ಇಲ್ಲೇ, ನಮ್ಮ ಜನರ ಕೈಯಲ್ಲೇ ಆದ ಸರಕು ಸುಳ್ಳು ಮೂಲದ ಸರಕಾಗಿ ಕಾಣುತ್ತದೆ. ಓಟಿ ಇತ್ತು ಅಂತ ಒಪ್ಪಿಕೊಂಡರೆ ಕಾರ್ಮಿಕ ಕಾನೂನು ಮುರಿದ ಹಾಗಾಗುತ್ತದೆ. ಇಲ್ಲ ಅಂದರೆ ಮೂಲ ನಿಯಮ ಮುರಿದ ಹಾಗಾಗುತ್ತದೆ. ಎರಡೂ ಕಡೆ ಸಿಕ್ಕಿಹಾಕಿಕೊಂಡವರನ್ನು ನೋಡಿದ್ದೇನೆ. ಒಳ್ಳೆಯ ಕೆಲಸಗಾರ ಮಾಲೀಕರು, ಸುಮ್ನೆ ಪುಸ್ತಕ ಬರೆಯುವ ಸೋಮಾರಿತನಕ್ಕೆ ಬೆಲೆ ಕೊಟ್ಟರು.

ಇನ್ನೊಂದು ಕಡೆಯಿಂದಲೂ ನೋಡಿ. ಆ 42 ಗಂಟೆ ಒಬ್ಬ ಮನುಷ್ಯನ ಸಂಜೆ, ಅವನ ಮಕ್ಕಳ ಜೊತೆ ಇರಬೇಕಾದ ಹೊತ್ತು. ಓಟಿಗೆ ಎರಡರಷ್ಟು ದರ ಅಂತ ಕಾನೂನು ಹೇಳುವುದು ಅದಕ್ಕೇ. ಪುಸ್ತಕಕ್ಕೆ ಬರದ ಓಟಿಗೆ ಎರಡರಷ್ಟು ಕೊಟ್ಟದ್ದನ್ನು ನಾನು ನೋಡಿದ್ದು ಬಹಳ ಕಡಿಮೆ.

2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. 29 ಹಳೆಯ ಕಾನೂನುಗಳ ಜಾಗಕ್ಕೆ ಇವು ಬಂದವು. ರಫ್ತು ಘಟಕಕ್ಕೆ ಇದರಲ್ಲಿ ಮೊದಲು ತಟ್ಟುವುದು ಕೆಲವು. ಎಲ್ಲರಿಗೂ ನೇಮಕಾತಿ ಪತ್ರ ಕೊಡಬೇಕು. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ ಒಟ್ಟು ಸಂಬಳದ ಅರ್ಧಕ್ಕಿಂತ ಕಡಿಮೆ ಇದ್ದರೆ, ಅರ್ಧದಷ್ಟು ಇದೆ ಅಂತಲೇ ಲೆಕ್ಕ ಹಿಡಿಯಬೇಕು. ಭತ್ಯೆಗಳನ್ನು ಉಬ್ಬಿಸಿ ಪಿಎಫ್ ಇಳಿಸುವ ಹಳೆಯ ಲೆಕ್ಕ ಇನ್ನು ನಡೆಯುವುದಿಲ್ಲ. ತಿಂಗಳ ಸಂಬಳ ಮುಂದಿನ ತಿಂಗಳ ಏಳನೇ ತಾರೀಖಿನೊಳಗೆ ಸಿಗಬೇಕು. 20 ಅಥವಾ ಹೆಚ್ಚು ಜನ ಇದ್ದರೆ ದೂರು ಕೇಳುವ ಸಮಿತಿ ಬೇಕು. ನೇಮಕಾತಿ ಪತ್ರ ಕನ್ನಡದಲ್ಲಿ ಕೊಡಿ, ಒಡಿಶಾ, ಬಿಹಾರದ ಹುಡುಗರಿಗೆ ಹಿಂದಿಯಲ್ಲೂ ಕೊಡಿ. ಆಡಿಟ್‌ಗೆ ಬಂದವರು ಯಾರನ್ನಾದರೂ ನಿಲ್ಲಿಸಿ ನಿನ್ನ ಪತ್ರದಲ್ಲಿ ಏನಿದೆ ಅಂತ ಕೇಳುತ್ತಾರೆ, ಇಂಗ್ಲಿಷ್ ಹಾಳೆಗೆ ಹೆಬ್ಬೆಟ್ಟು ಒತ್ತಿಸಿದ್ದರೆ ಅಲ್ಲಿಗೇ ನಿಮ್ಮ ಬಣ್ಣ ಬಯಲು.

ಪಿಎಫ್ ವಿಷಯದಲ್ಲಿ ಆಟ ಬೇಡವೇ ಬೇಡ. 2016ರ ಏಪ್ರಿಲ್‌ನಲ್ಲಿ ಪಿಎಫ್ ಹಿಂಪಡೆಯುವ ನಿಯಮ ಬಿಗಿಯಾಯಿತು ಅಂತ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಸೂರು ರಸ್ತೆಗೆ ಇಳಿದದ್ದು ಬೆಂಗಳೂರಿನವರಿಗೆ ಮರೆತಿಲ್ಲ. ಕೇಂದ್ರ ಸರ್ಕಾರ ಆ ನಿಯಮ ವಾಪಸ್ ತೆಗೆದುಕೊಂಡಿತು. ಆ ದುಡ್ಡು ಅವರಿಗೆ ಮಗಳ ಮದುವೆ, ಊರಿನ ಮನೆ, ಆಸ್ಪತ್ರೆ.

ಗುತ್ತಿಗೆ ಜನರಾ, ನೇರ ನೇಮಕಾತಿಯಾ?

ಆರ್ಡರ್ ಏರಿಳಿಯುವ ಘಟಕಕ್ಕೆ ಗುತ್ತಿಗೆ ಸುಲಭ ಅನ್ನಿಸುವುದು ಸಹಜ. ಆದರೆ ರಿಯಾಯಿತಿ ಸುಂಕ ಕೇಳುವ ಸರಕಿನ ವಿಷಯದಲ್ಲಿ ನಾನು ನೇರ ನೇಮಕಾತಿಯ ಪಕ್ಷ. ಹೊಸ ಸಂಹಿತೆಯಲ್ಲಿ, 50 ಅಥವಾ ಹೆಚ್ಚು ಗುತ್ತಿಗೆ ಜನ ಇರುವ ಕಡೆ, ಮುಖ್ಯ ಚಟುವಟಿಕೆಗೆ ಗುತ್ತಿಗೆ ಕೆಲಸಗಾರರನ್ನು ಹಾಕುವಂತಿಲ್ಲ. ಕೆಲವು ವಿನಾಯಿತಿ ಇವೆ, ನಿಜ. ಆದರೆ ಮೆಷಿನಿಂಗ್ ಘಟಕದಲ್ಲಿ ಲೇತ್ ನಡೆಸುವುದು ಮುಖ್ಯ ಚಟುವಟಿಕೆ ಅಲ್ಲದೆ ಮತ್ತೇನು? ಗೇಟು, ಕ್ಯಾಂಟೀನ್, ಸ್ವಚ್ಛತೆಗೆ ಗುತ್ತಿಗೆ ಇರಲಿ. ಗುತ್ತಿಗೆದಾರ ಸಂಬಳ ಕೊಡದಿದ್ದರೆ ಕೊಡಬೇಕಾದವರೂ ನೀವೇ. ಅವನ ಹಾಜರಿ ಪುಸ್ತಕ ನಿಮ್ಮ ಕೈಯಲ್ಲಿರುವುದಿಲ್ಲ, ಪರಿಶೀಲನೆಯ ದಿನ ಅವನ ಫೋನ್ ಸ್ವಿಚ್ ಆಫ್ ಆಗಿರುತ್ತದೆ.

ಪ್ಲೇಟಿಂಗ್, ಹೀಟ್ ಟ್ರೀಟ್‌ಮೆಂಟ್‌ಗೆ ಹೊರಗೆ ಕಳಿಸುವ ಜಾಬ್ ವರ್ಕ್‌ಗೂ ಇದೇ ಮಾತು. ಚಲನ್ ಇಟ್ಟುಕೊಳ್ಳಿ. ಒಮ್ಮೆ ಅವರ ಷೆಡ್‌ಗೆ ಹೋಗಿ ಬನ್ನಿ. ಆಸಿಡ್ ತೊಟ್ಟಿಯ ಹತ್ತಿರ ಹದಿನೈದರ ಹುಡುಗ ಕೈಗವಸು ಇಲ್ಲದೆ ನಿಂತಿದ್ದರೆ ಆ ಸರಕು ನಿಮ್ಮ ಹೆಸರಿನಲ್ಲೇ ಹಡಗು ಹತ್ತುತ್ತದೆ. ಹದಿನೆಂಟರೊಳಗಿನವರಿಗೆ ಅಪಾಯದ ಕೆಲಸ ಕಾನೂನಿನಲ್ಲೇ ಇಲ್ಲ.

ಬಯರ್ ಆಡಿಟ್ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಎಸ್ಎ8000, ಸ್ಮೆಟಾ, ವ್ರ್ಯಾಪ್ ಇವುಗಳಲ್ಲಿ ಯಾವುದು ಅಂತ ನೀವಾಗಿ ಆರಿಸಬೇಡಿ, ಬಯರ್ ಯಾವುದನ್ನು ಒಪ್ಪುತ್ತಾರೆ ಅಂತ ಬರಹದಲ್ಲಿ ಕೇಳಿ. ಎಸ್ಎ8000 ಒಂದು ಪ್ರಮಾಣೀಕರಣ, ಸ್ಮೆಟಾ ಹಲವು ಬಯರ್‌ಗಳಿಗೆ ಒಟ್ಟಿಗೆ ತೋರಿಸಬಹುದಾದ ಆಡಿಟ್ ವರದಿ, ವ್ರ್ಯಾಪ್ ಹೆಚ್ಚಾಗಿ ಬಟ್ಟೆಯವರಿಗೆ. ಪ್ರಶ್ನೆಪತ್ರದಲ್ಲಿ ಸಂಘ ಕಟ್ಟುವ ಹಕ್ಕಿನ ಬಗ್ಗೆ ಕೇಳುತ್ತಾರೆ. ಅದಕ್ಕೆ ಆಧಾರವಾದ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಐಎಲ್‌ಒದ 87 ಮತ್ತು 98ನೇ ಒಡಂಬಡಿಕೆಗಳನ್ನು ಭಾರತ ಅನುಮೋದಿಸಿಲ್ಲ. ಹಾಗಂತ ಆ ಜಾಗ ಖಾಲಿ ಬಿಡಬೇಡಿ. ಸಂಘ ಕಟ್ಟುವ ಹಕ್ಕು ನಮ್ಮ ಸಂವಿಧಾನದ 19ನೇ ವಿಧಿಯಲ್ಲೇ ಇದೆ, ನಮ್ಮಲ್ಲಿ ಅದಕ್ಕೆ ಅಡ್ಡಿ ಇಲ್ಲ ಅಂತ ಬರೆಯಿರಿ, ಅದು ನಿಜವಾಗಿರಲಿ.

ಗಿರಾಕಿ ಮೆಕ್ಸಿಕೋದಲ್ಲಿದ್ದರೆ

ವಾಹನ ಬಿಡಿಭಾಗದವರಿಗೆ ಇದು ಬೇಕು. ಅಮೆರಿಕ, ಮೆಕ್ಸಿಕೋ, ಕೆನಡಾ ನಡುವಿನ ಯುಎಸ್ಎಂಸಿಎ 2020ರ ಜುಲೈ 1ರಿಂದ ಜಾರಿಯಲ್ಲಿದೆ. ನಾವು ಅದರಲ್ಲಿಲ್ಲ, ಹಾಗಾಗಿ ಬೆಂಗಳೂರಿನ ಭಾಗ ಅಲ್ಲಿ ಯಾವಾಗಲೂ ಹೊರಗಿನದೇ. ಕಾರಿಗೆ 75% ಭಾಗ ಆ ಮೂರು ದೇಶಗಳದ್ದಾಗಿರಬೇಕು ಅಂತ ನಿಯಮ. ನಿಮ್ಮದು ಉಳಿದ 25%ರೊಳಗೆ ಜಾಗ ಹುಡುಕಬೇಕು.

ಕೂಲಿ ನೇರವಾಗಿ ಕಸ್ಟಮ್ಸ್ ನಿಯಮವೇ ಆಗಿರುವುದು ಅಲ್ಲಿ. ಕಾರಿನ ಬೆಲೆಯಲ್ಲಿ 40%, ಹಗುರ ಟ್ರಕ್ಕಿನಲ್ಲಿ 45% ಗಂಟೆಗೆ ಸರಾಸರಿ ಕನಿಷ್ಠ 16 ಡಾಲರ್ ಕೂಲಿ ಕೊಡುವ ಕಡೆಯಿಂದ ಬರಬೇಕು, ಅದೂ ಆ ಮೂರು ದೇಶಗಳೊಳಗೆ. ಇಲ್ಲಿನ ವಿನ್ಯಾಸ ಕೆಲಸವೂ ಈ ಲೆಕ್ಕಕ್ಕೆ ಬರುವುದಿಲ್ಲ. ಮೂಲದ ಕಾಗದವನ್ನು ಆಮದುದಾರ, ರಫ್ತುದಾರ, ತಯಾರಕ ಯಾರು ಬೇಕಾದರೂ ಬರೆಯಬಹುದು, ನಿಗದಿತ ನಮೂನೆ ಇಲ್ಲ, ಒಂಬತ್ತು ವಿವರ ಇದ್ದರೆ ಸಾಕು. ದಾಖಲೆ ಮಾತ್ರ ಐದು ವರ್ಷ ಇರಬೇಕು.

ಇಲ್ಲಿಂದ ಕಳಿಸುವುದಾ, ಅಲ್ಲೇ ಘಟಕ ಹಾಕುವುದಾ ಅಂತ ಯೋಚಿಸುವವರು ಮೆಕ್ಸಿಕೋದ ಕಾರ್ಮಿಕ ಕಾನೂನನ್ನು ಸುಂಕದಷ್ಟೇ ಗಂಭೀರವಾಗಿ ಓದಿ. 2019ರ ಸುಧಾರಣೆಯ ನಂತರ ಹಳೆಯ ಸಾಮೂಹಿಕ ಒಪ್ಪಂದಗಳನ್ನು 2023ರ ಮೇ 1ರೊಳಗೆ ಕೆಲಸಗಾರರ ಗುಪ್ತ ಮತಕ್ಕೆ ಹಾಕಬೇಕಿತ್ತು. ಸಂಘದ ಹಕ್ಕು ತುಳಿದರೆ ಒಂದು ಕಾರ್ಖಾನೆಯ ಮೇಲೆಯೇ ದೂರು ಬರುವ ತ್ವರಿತ ವ್ಯವಸ್ಥೆ ಇದೆ. 2021ರಲ್ಲಿ ಸಿಲಾವ್ ಊರಿನ ಜನರಲ್ ಮೋಟಾರ್ಸ್ ಘಟಕದ ಮೇಲೆ ಅಮೆರಿಕ ಅದನ್ನು ಮೊದಲ ಬಾರಿ ಬಳಸಿತು, ಮುಂದಿನ ವರ್ಷ ಅಲ್ಲಿನ ಕೆಲಸಗಾರರು ಮತ ಹಾಕಿ ಹೊಸ ಸಂಘವನ್ನು ಆರಿಸಿಕೊಂಡರು. ವರ್ಷಕ್ಕೆ ನಾಲ್ಕೈದು ಕಂಟೇನರ್ ಕಳಿಸುವವರು ಪೀಣ್ಯದಿಂದಲೇ ಕಳಿಸಿ. ಅಲ್ಲಿ ನಿಲ್ಲುವ ಮನಸ್ಸಿದ್ದರೆ ಮೊದಲು ಅಲ್ಲಿನ ಒಬ್ಬ ಕಾರ್ಮಿಕ ವಕೀಲರನ್ನು ಗೊತ್ತು ಮಾಡಿ, ಜಾಗ ನೋಡುವುದು ಆಮೇಲೆ.

ನಾನಾದರೆ ಹೇಗೆ ಆರಿಸುತ್ತೇನೆ

ಸುಂಕ ಸೊನ್ನೆಯೋ, ಉಳಿತಾಯ ಚಿಲ್ಲರೆಯೋ ಆದರೆ ರಿಯಾಯಿತಿ ಕೇಳುವುದೇ ಇಲ್ಲ. ಸುಂಕ ಇದೆ, ಆದರೆ ಓಟಿ ಇನ್ನೂ ಕವರ್‌ನಲ್ಲಿ ಹೋಗುತ್ತಿದೆ, ಉಕ್ಕಿಗೆ ಮಿಲ್ ಕಾಗದ ಇಲ್ಲ ಅಂದರೆ ಆಗಲೂ ಕೇಳುವುದಿಲ್ಲ, ಬಯರ್‌ಗೆ ಮೂರು ತಿಂಗಳು ಸಮಯ ಕೇಳಿ ಮೊದಲು ಮನೆ ಸರಿಮಾಡಿಕೊಳ್ಳುತ್ತೇನೆ. ಪುಸ್ತಕ ಸರಿ ಇದ್ದು ಅನುಭವ ಕಡಿಮೆ ಇದ್ದರೆ ಏಜೆನ್ಸಿ. ಬಟ್ಟೆಯವರಿಗೆ ಬ್ರಿಟನ್‌ನ ಸಾಮಾನ್ಯ ಸುಂಕ 12%ವರೆಗೆ ಇದೆ, ಅಷ್ಟು ದೊಡ್ಡ ಉಳಿತಾಯಕ್ಕೆ ಒಬ್ಬರನ್ನು ಪೂರ್ತಿ ಇದೇ ಕೆಲಸಕ್ಕೆ ಇಟ್ಟರೂ ನಷ್ಟವಿಲ್ಲ, ಅವರಿಗೆ ಸ್ವಂತ ಘೋಷಣೆಯ ದಾರಿ ಹೊಂದುತ್ತದೆ.

ಪ್ರತಿ ಸಾಗಣೆಗೂ ಒಂದು ಫೈಲ್ ಮಾಡಿ. ಬಿಲ್ ಆಫ್ ಮೆಟೀರಿಯಲ್ (ಬಳಸಿದ ವಸ್ತುಗಳ ಪಟ್ಟಿ), ಮಿಲ್ ಸರ್ಟಿಫಿಕೇಟ್, ಆಮದು ಬಿಲ್, ಜಾಬ್ ವರ್ಕ್ ಚಲನ್, ಆ ತಿಂಗಳ ಹಾಜರಿ ಮತ್ತು ಓಟಿ ಹಾಳೆ, ಪಿಎಫ್ ಮತ್ತು ಇಎಸ್‌ಐ ಚಲನ್ ಎಲ್ಲವೂ ಅದೇ ಫೈಲ್‌ನಲ್ಲಿರಲಿ. ಕಸ್ಟಮ್ಸ್ ಏಜೆಂಟ್ ಮತ್ತು ಪಿಎಫ್ ಕನ್ಸಲ್ಟೆಂಟ್ ಇಬ್ಬರನ್ನೂ ತಿಂಗಳಿಗೆ ಒಂದು ಸಲ ಒಂದೇ ಮೇಜಿಗೆ ಕೂರಿಸಿ, ಪೀಸ್ ಸಂಖ್ಯೆಯನ್ನೂ ಗಂಟೆಯನ್ನೂ ಎದುರೆದುರು ಇಟ್ಟು ತಾಳೆ ನೋಡಿಸಿ. ಒಂದು ಗಂಟೆಯೂ ಬೇಕಾಗುವುದಿಲ್ಲ.

ಹಡಗು ಶುಕ್ರವಾರ ಹೊರಡುತ್ತದೆ, ಫೈಲ್ ಇನ್ನೂ ಸಿದ್ಧವಿಲ್ಲ ಅಂದರೆ ಅಂದಾಜಿನ ಮೇಲೆ ಕಾಗದ ಮಾಡಬೇಡಿ. ಆಸಿಯಾನ್ ಒಪ್ಪಂದದಲ್ಲಿ ಸರಕು ಹೊರಟ ಮೇಲೂ ಹನ್ನೆರಡು ತಿಂಗಳೊಳಗೆ ಹಿಂದಿನ ದಿನಾಂಕದ ಸಾಗಣೆಗೆ ಪ್ರಮಾಣಪತ್ರ ಪಡೆಯಬಹುದು. ಬಯರ್ ಈಗ ಪೂರ್ತಿ ಸುಂಕ ಕಟ್ಟಿ ಆಮೇಲೆ ಮರುಪಾವತಿ ಕೇಳಲು ಅವರ ದೇಶದಲ್ಲಿ ಅವಕಾಶ ಇದೆಯಾ, ಆಮದಿನ ದಿನವೇ ಅದಕ್ಕೆ ಏನಾದರೂ ಬರೆದುಕೊಡಬೇಕಾ ಅಂತ ಗುರುವಾರವೇ ಒಂದು ಮೇಲ್ ಹಾಕಿ ಕೇಳಿಬಿಡಿ.